ಗುರುತು ಬೀಳದ ಟೈರು

ಮರಳುಗಾಡಿನ ಬಿದಿಯಾ ಊರಿನ ಸುವೈದ್‌ಗೆ ಇದ್ದದ್ದು ಒಂದೇ ಹುಚ್ಚು, ತನ್ನ ಪಿಕಪ್ಪಿನದು. ವಾರವಿಡೀ ನೀರಿನ ಕಚೇರಿಯಲ್ಲಿ ಆಕಳಿಸುತ್ತ ಕೂರುವ ಆಸಾಮಿ, ಶುಕ್ರವಾರ ಬಂತೆಂದರೆ ಆ ಎತ್ತರಿಸಿದ, ಟರ್ಬೊ ಕೂರಿಸಿದ ಗಾಡಿಯನ್ನು ಮರಳುದಿಬ್ಬಕ್ಕೆ ನುಗ್ಗಿಸಿ ಗೆಳೆಯರಿಂದ ಶಿಳ್ಳೆ ಹೊಡೆಸಿಕೊಳ್ಳುತ್ತಿದ್ದ. ಅಂಥವನು ಆ ಶನಿವಾರ ಟೈರ್ ಅಂಗಡಿಗೆ ಕಳ್ಳನ ಹಾಗೆ ಬಂದ.

"ಮೊನ್ನೆ ಮೊನ್ನೆ ತಾನೆ ಹಾಕಿಸ್ಕೊಂಡ್ರಲ್ಲ ಸಾಹೇಬ್, ಏನಾಯ್ತು ಇವಕ್ಕೆ?" ಎಂದ ಅಂಗಡಿಯ ಪಠಾಣ ಗುಲ್ ಜಮಾನ್.

"ಬೇಜಾರಾಯ್ತು. ಬೇರೆ ತೋರ್ಸು."

"ದಿಬ್ಬ ಹತ್ತೋಕಾದ್ರೆ ಈ ಹಲ್ಲಿನ ಟೈರು ನೋಡಿ, ಮರಳನ್ನ ಬಾಚಿ ಬಾಚಿ ಎಸೆಯುತ್ತೆ. ಆದ್ರೆ ಟಾರ್ ರಸ್ತೇಲಿ ನಡಿಯಲ್ಲ. ಇದು ಅಗಲದ್ದು, ಪಕ್ಕ ಮೆತ್ತಗೆ. ಗಾಳಿ ಇಳಿಸಿದ್ರೆ ಒಂಟೆ ಪಾದದ ಹಾಗೆ ಹರಡ್ಕೊಳ್ಳುತ್ತೆ, ಹೂತುಹೋಗಲ್ಲ."

"ಗುರುತು ಹೇಗೆ ಬೀಳುತ್ತೆ, ಮರಳಲ್ಲಿ?"

ಗುಲ್ ಜಮಾನ್ ಗಹಗಹಿಸಿ ನಕ್ಕ. "ಎಲ್ರೂ ಹಿಡಿತ ಕೇಳ್ತಾರೆ, ವೇಗ ಕೇಳ್ತಾರೆ. ನೀವು ಗುರುತು ಕೇಳ್ತೀರಲ್ಲ! ಏನು, ಗುಟ್ಟಾಗಿ ಎರಡನೇ ಮದ್ವೆ ಗಿದ್ವೆ?"

ಸುವೈದ್ ನಗಲಿಲ್ಲ. ಅಗಲದ ಟೈರನ್ನು ತಾನೇ ಅಂಗಳದ ಧೂಳಿನಲ್ಲಿ ಉರುಳಿಸಿ, ಬಗ್ಗಿ ನೋಡಿದ. ಹಳೆಯದರ ಹಾಗೆ ಬಾಣದ ಗುರುತಿಲ್ಲ, ಕಲ್ಲಿಗೆ ತಾಗಿ ಕಿತ್ತುಹೋದ ಹಲ್ಲಿನ ಕಲೆಯಿಲ್ಲ. ಬರೀ ನುಣ್ಣನೆಯ ಪಟ್ಟಿ. "ಇದನ್ನೇ ಹಾಕು" ಎಂದ.

ಆದದ್ದು ಇಷ್ಟು. ಹಿಂದಿನ ಸಂಜೆ ಒಬ್ಬನೇ ದಿಬ್ಬ ಹತ್ತಿ ಆಚೆಗೆ ಹಾರಿಸಿದಾಗ, ಕೆಳಗೆ ಮಲಗಿದ್ದ ಒಂಟೆಮರಿ ಅವನಿಗೆ ಕಂಡದ್ದು ಗುದ್ದಿದ ಮೇಲೆಯೇ. ಅದು ಜುವೈನಾ ಅತ್ತೆಯ ಮರಿ. ಹೆತ್ತವಳು ತೀರಿಕೊಂಡಾಗ ಸುವೈದ್‌ಗೆ ಎದೆಹಾಲು ಕೊಟ್ಟು ಸಾಕಿದ ಅತ್ತೆ ಆಕೆ. ಈ ತಬ್ಬಲಿ ಮರಿಗೂ ಸೀಸೆಯಲ್ಲಿ ಹಾಲೂಡಿಸಿ ಬೆಳೆಸುತ್ತಿದ್ದಳು. ಯಾವಾಗಲೂ ಬರಿಗಾಲಲ್ಲೇ ಗಾಡಿ ಓಡಿಸುವ ಸುವೈದ್ ಹಾಗೇ ಕೆಳಗೆ ಧುಮುಕಿದ. ಮರಿಯ ಸೊಂಟ ಮುರಿದಿತ್ತು, ಉಸಿರಿತ್ತು. ದೇವರ ಹೆಸರು ಹೇಳಿ ಕತ್ತು ಕೊಯ್ದು ಆ ಸಂಕಟ ಮುಗಿಸಬೇಕಿತ್ತು. ಗಾಡಿಗೆ ಹೋಗಿ ಚೂರಿ ತಂದ. ಮರಿ ಅವನನ್ನೇ ನೋಡುತ್ತಿತ್ತು. ಕೈ ಬರಲಿಲ್ಲ. ಥೂ, ಹೇಡಿ! ಓಡಿಬಿಟ್ಟ.

ಹೊಸ ಟೈರು ಬಂತು, ನೆಮ್ಮದಿ ಬಂತೇ? ಎಲ್ಲಿಯ ನೆಮ್ಮದಿ! ಅತ್ತೆಯ ಗುಡಾರದ ದಾರಿಯನ್ನೇ ಬಿಟ್ಟು ಊರೆಲ್ಲ ಸುತ್ತಿ ಕಚೇರಿಗೆ ಹೋಗತೊಡಗಿದ.

ಅಷ್ಟರಲ್ಲಿ ಗುಲ್ ಜಮಾನ್ ಆ ಹಳೆಯ ಟೈರುಗಳನ್ನು ಮೇವು ಸಾಗಿಸುವ ಬಖೀತ್‌ಗೆ ಮಾರಿದ್ದ. ಮರಿ ಸತ್ತ ಜಾಗದಲ್ಲಿ ಕಂಡಿದ್ದ ಅದೇ ಬಾಣದ ಗುರುತು, ಅದೇ ಕಿತ್ತ ಹಲ್ಲು! ಅತ್ತೆಯ ನೆರೆಯವರು ಬಖೀತ್‌ನ ಕುತ್ತಿಗೆಪಟ್ಟಿ ಹಿಡಿದು ಅವಳ ಗುಡಾರಕ್ಕೆ ಎಳೆತಂದರು. ಮನೆಯ ಗಂಡಸು ಅಂತ ಅತ್ತೆ ಸುವೈದ್‌ಗೂ ಹೇಳಿ ಕಳಿಸಿದಳು.

"ಅಲ್ಲಾನಾಣೆ, ಈ ಟೈರು ಹಾಕಿಸಿದ್ದೇ ನಿನ್ನೆ ಕಣ್ರೋ!" ಎಂದು ಬಖೀತ್ ಅಂಗಲಾಚುತ್ತಿದ್ದ.

"ಸಿಕ್ಕಿಬಿದ್ದೋರೆಲ್ಲ ಹಾಗೇ ಅನ್ನೋದು" ಎಂದ ಒಬ್ಬ. "ಇವನ ಮೇವು ಇನ್ಮೇಲೆ ಯಾರೂ ತಗೋಬಾರ್ದು."

ಅತ್ತೆ ಕಾಫಿಯ ಕೂಜ ಹಿಡಿದು ಕೂತಿದ್ದಳು. "ನೀನೇ ಹೇಳು ಸುವೈದ್. ಇವನನ್ನ ಏನು ಮಾಡೋಣ?"

ಸುವೈದ್ ಬಖೀತ್‌ನ ಕಡೆ ನೋಡಿದ. ಅವನ ಕಣ್ಣಲ್ಲಿ ನೀರು ನಿಂತಿತ್ತು. "ಬಿಟ್ಬಿಡಿ ಅವನನ್ನ. ಅತ್ತೆ... ಆ ಟೈರು ನಂದು. ಗುದ್ದಿದ್ದು ನಾನು."

ಬಖೀತ್‌ನ ಕುತ್ತಿಗೆಪಟ್ಟಿಯಿಂದ ಕೈಗಳು ಸರಿದವು. ಅತ್ತೆಯೊಬ್ಬಳೇ ಬೆಚ್ಚಲಿಲ್ಲ.

"ಗೊತ್ತು ಕಣಪ್ಪ. ಟೈರು ಬದಲಾಯಿಸ್ಕೊಂಡೆ. ಕಾಲು ಬದಲಾಯಿಸೋಕಾಯ್ತಾ? ನಿನಗೆ ನಡಿಗೆ ಕಲಿಸಿದೋಳು ನಾನು. ಬಲಗಾಲು ಒಳಕ್ಕೆ ತಿರುಗಿಸಿ ಇಡೋನು ಈ ಊರಲ್ಲಿ ನೀನೊಬ್ಬನೇ. ಮರಿ ಹತ್ರ ಬಂದೆ, ಗಾಡಿಗೆ ಹೋದೆ, ಮತ್ತೆ ಬಂದು ನಿಂತೆ. ಆಮೇಲೆ ಓಡಿದೆ. ಬೇರೆಯವರ ಕಣ್ಣಿಗೆ ಬೀಳಬಾರ್ದು ಅಂತ ಆ ಹೆಜ್ಜೆಗಳನ್ನೆಲ್ಲ ನನ್ನ ಮುಸುಕಿಂದ್ಲೇ ಅಳಿಸಿದೆ."

"ಮತ್ತೆ ಯಾಕೆ ಸುಮ್ನಿದ್ದೆ ಅತ್ತೆ?"

"ನೀನಾಗೇ ಬರ್ತೀಯ ಅಂತ ದಿನಾ ಕಾಫಿ ಕಾಸಿಟ್ಟೆ. ಬರಲಿಲ್ಲ ನೀನು."

"ತಪ್ಪಾಯ್ತು. ಬೇರೆ ಮರಿ ತಂದ್ಕೊಡ್ತೀನಿ."

"ಮರಿ ಸಿಗುತ್ತೆ ಬಿಡು. ಗುದ್ದಿದ್ದಕ್ಕೂ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ನಾನು ಹೋಗಿ ನೋಡಿದಾಗ, ಮುಂಗಾಲಲ್ಲಿ ಅದು ಮರಳನ್ನ ಇಷ್ಟು ಆಳ ಕೆದರಿತ್ತು" ಎನ್ನುತ್ತ ಅತ್ತೆ ಬೆರಳ ತುದಿಯಿಂದ ಮೊಣಕೈವರೆಗೆ ತೋರಿಸಿದಳು. "ರಾತ್ರಿಯೆಲ್ಲಾ ಜೀವ ಇತ್ತು ಕಣೋ ಅದಕ್ಕೆ."

ಆಮೇಲೆ ಅವಳು ಬಖೀತ್‌ನ ಬಟ್ಟಲಿಗೆ ಕಾಫಿ ಬಗ್ಗಿಸಿದಳು, ನೆರೆಯವರಿಗೆಲ್ಲ ಬಗ್ಗಿಸಿದಳು. ಸುವೈದ್ ಬಟ್ಟಲು ಹಿಡಿದೇ ಕೂತಿದ್ದ. ಕೂಜ ಅವನನ್ನು ದಾಟಿ ಹೋಯಿತು.