ನಾಲೆಯ ಏರಿಯ ಮೇಲೆ ಹೆಸರು ಕರೆದವರು

ಭದ್ರಾ ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ರೈತರು ನಮ್ಮ ಸೀಮೆಯಲ್ಲಿ ಸಾವಿರಾರು ಮಂದಿ ಇದ್ದಾರೆ. ಅದೇ ನೀರು ಕೊಂಡೊಯ್ದವರನ್ನು ಹಿಂದಕ್ಕೆ ತಂದು ಮನೆಯವರಿಗೆ ಒಪ್ಪಿಸುವ ಕೆಲಸವನ್ನೂ ಬೇಸಾಯದಷ್ಟೇ ಶ್ರದ್ಧೆಯಿಂದ ಮಾಡಿಕೊಂಡು ಬಂದವರು, ನಾನು ಕಂಡಂತೆ, ಶ್ರೀ ಷಡಕ್ಷರಪ್ಪನವರೊಬ್ಬರೇ. ಭದ್ರಾವತಿಯ ಹೊರವಲಯದಲ್ಲಿ ಮೂರು ಎಕರೆ ಗದ್ದೆ ಮಾಡುವ ಅವರು ಈ ವೈಶಾಖಕ್ಕೆ ಎಪ್ಪತ್ತೈದು ತುಂಬಿ, ನಮ್ಮ ಅನಾಥ ಶವಸಂಸ್ಕಾರ ಸಮಿತಿಯ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾಗುತ್ತಿದ್ದಾರೆ. ಇಪ್ಪತ್ತೆರಡು ವರ್ಷ ಆ ಸಮಿತಿಯ ಕಾರ್ಯದರ್ಶಿಯಾಗಿದ್ದ ನಾನು, ಶಂಕರನಾರಾಯಣ, ಶಿವಮೊಗ್ಗದ ಕೋಟೆಯಲ್ಲಿ ವಾಸಿಸುವ ಸಂಸ್ಕೃತ ಅಧ್ಯಾಪಕ, ತರ್ಕಶಾಸ್ತ್ರ ಓದಿದವನು. ಇಲ್ಲಿ ಬರೆಯುವ ಕೆಲವು ಸಂಗತಿಗಳಿಗೆ ನನ್ನಲ್ಲಿ ವಿವರಣೆಯಿಲ್ಲ. ಆದರೆ ಅವನ್ನು ಬಿಟ್ಟು ಬರೆದರೆ ಇದು ಬೇರೆ ಯಾರದೋ ಅಭಿನಂದನೆಯಾದೀತು.

ಮೂವತ್ತೆಂಟು ವರ್ಷಗಳ ಹಿಂದೆ ಅವರ ತಮ್ಮ ಶಿವಯೋಗಪ್ಪ ಎತ್ತುಗಳ ಮೈ ತೊಳೆಯಲು ನಾಲೆಗಿಳಿದವರು ಮೇಲೆ ಬರಲಿಲ್ಲ. ಈಜುಗಾರರು ಮೂರು ದಿನ ಹುಡುಕಿ ಕೈಚೆಲ್ಲಿದರು. ತಾಯಿ ಮಾತ್ರ ಅನ್ನ ಬಿಟ್ಟು, ಏರಿಯ ಮೆಟ್ಟಿಲ ಮೇಲೆ ಕುಳಿತು, ಮಗನ ಹೆಸರನ್ನು ಕರೆಯುತ್ತಲೇ ಇದ್ದರು. ನಾಲ್ಕನೆಯ ದಿನ, ನೆತ್ತಿಯ ಮೇಲೆ ಬಿಸಿಲಿದ್ದ ಹೊತ್ತಿನಲ್ಲಿ, ದೇಹ ತಾನಾಗಿ ಬಂದು ಆ ಮೆಟ್ಟಿಲಿಗೇ ತಾಗಿ ನಿಂತಿತು. ಅದು ಬಂದದ್ದು ಕೆಳಗಿನಿಂದ, ಹರಿವಿಗೆ ಎದುರಾಗಿ. ಅಂದು ಅಲ್ಲಿದ್ದ ಐವರನ್ನು ನಾನು ಬೇರೆ ಬೇರೆಯಾಗಿ ವಿಚಾರಿಸಿದ್ದೇನೆ. ಐವರೂ ಹೇಳಿದ್ದು ಒಂದೇ.

ತಮ್ಮನ ಮಡದಿ ಶಾಂತಮ್ಮನವರೂ ಆರು ತಿಂಗಳ ಕೂಸು ಶಾಂಭವಿಯೂ ಅಂದಿನಿಂದ ಷಡಕ್ಷರಪ್ಪನವರ ಹೊಣೆಯಾದರು. ಶಾಂಭವಿಯನ್ನು ದಿನವೂ ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟು ಬಂದು ಗದ್ದೆಗಿಳಿಯುತ್ತಿದ್ದ ಅವರು, ಶಾಲೆಯ ದಾಖಲೆಯಲ್ಲಿ ತಂದೆಯ ಜಾಗದಲ್ಲಿ ತಮ್ಮ ಹೆಸರು ಬರೆಸಲು ಒಪ್ಪಲಿಲ್ಲ. "ಅವನ ಹೆಸರು ಯಾರಾದ್ರೂ ಕರೀತಿರ್ಬೇಕು" ಎಂದರಂತೆ. ಶಾಂಭವಿ ಇಂದು ಸವಳಂಗ ರಸ್ತೆಯ ಆಸ್ಪತ್ರೆಯೊಂದರಲ್ಲಿ ಹಿರಿಯ ದಾದಿ.

ತಾಯಿಯಿಂದ ಕಲಿತದ್ದನ್ನೇ ಷಡಕ್ಷರಪ್ಪನವರು ಊರಿಗಾಗಿ ಮಾಡಿದರು. ನಾಲೆಗೆ ಯಾರಾದರೂ ಬಿದ್ದ ಸುದ್ದಿ ಬಂದರೆ, ಕೈಯಲ್ಲಿದ್ದ ಗುದ್ದಲಿ ಅಲ್ಲೇ ಬಿಟ್ಟು ಹೋಗಿ, ಏರಿಯ ಮೇಲೆ ನಿಂತು, ಹೋದವರ ಹೆಸರನ್ನು ಊಟಕ್ಕೆ ಕರೆಯುವಂತೆ ಮೂರು ಸಲ ಕರೆಯುತ್ತಿದ್ದರು. ಬಳಿಕ ಒಂದು ಜಾಗ ತೋರಿಸಿ, ತಾವೇ ಇಳಿಯುತ್ತಿದ್ದರು. ನನ್ನ ಕಣ್ಣೆದುರೇ ನಲವತ್ತಕ್ಕೂ ಹೆಚ್ಚು ಮಂದಿಯನ್ನು ಹಾಗೆ ಮೇಲೆ ತಂದರು. ಇದನ್ನು ಅನುಭವವೆಂದೂ, ನೀರಿನ ಸುಳಿಗಳ ಪರಿಚಯವೆಂದೂ ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಆ ನಂಬಿಕೆ ಮುರಿದದ್ದು ಹನ್ನೊಂದು ವರ್ಷಗಳ ಹಿಂದೆ. ಮಾಚೇನಹಳ್ಳಿಯ ವರ್ಕ್‌ಶಾಪ್ ಒಂದರಲ್ಲಿ ಲೇತ್ ನಡೆಸುತ್ತಿದ್ದ ಮುರಳಿ ಎಂಬ ತರುಣನ ಬೈಕು, ಮೊಬೈಲು, ಚಪ್ಪಲಿ ಏರಿಯ ಮೇಲೆ ಸಿಕ್ಕವು. ಹಿಂದಿನ ದಿನ ಮನೆಯಲ್ಲಿ ಜಗಳವಾಡಿ ಹೊರಟವನೆಂದು ತಿಳಿಯಿತು. ಪತ್ನಿ ಕವನಾ ಬಂಧುಗಳೊಡನೆ ಬಂದು ನಿಂತಿದ್ದರು. ಷಡಕ್ಷರಪ್ಪನವರು ಕರೆದರು. ಮೂರನೆಯ ಕರೆಗೆ ನೀರಿನೊಳಗಿಂದ ಉತ್ತರ ಬಂತು.

"ಓ..."

ಹದಿನೈದಿಪ್ಪತ್ತು ಮಂದಿ ಅದನ್ನು ಕೇಳಿದೆವು. ಕವನಾ ಅಲ್ಲೇ ಕುಸಿದರು. ಷಡಕ್ಷರಪ್ಪನವರು ಅವರ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದರು:

"ತಾಯಿ, ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಇದು ನಿನ್ ಗಂಡನ ದನಿನಾ?"

ಆಕೆ "ಅಲ್ಲ ಅಪ್ಪಾಜಿ, ಇದ್ಯಾರೋ ವಯಸ್ಸಾದೋರು" ಎಂದರು.

ಷಡಕ್ಷರಪ್ಪನವರು ನೀರಿಗಿಳಿದು ಮೇಲೆ ತಂದದ್ದು ಬಿಳಿಗಡ್ಡದ ಮುದುಕರೊಬ್ಬರನ್ನು. ಸತ್ತು ನಾಲ್ಕು ದಿನವಾಗಿದೆ ಎಂದು ವೈದ್ಯರು ಬರೆದರು. ಅವರಿಗಾಗಿ ಯಾರೂ ಎಲ್ಲಿಯೂ ದೂರು ಕೊಟ್ಟಿರಲಿಲ್ಲ.

"ಅವ್ರನ್ನ ಕರೆಯೋರೇ ಇರ್ಲಿಲ್ಲ ಮೇಷ್ಟ್ರೇ. ಯಾರದೋ ಹೆಸರಿಗೆ ಪಾಪ, ಓಗೊಟ್ಟು ಬಂದ್ರು" ಎಂದರು ಷಡಕ್ಷರಪ್ಪನವರು ನನ್ನೊಡನೆ.

ಮುರಳಿಯ ಬಂಧುಗಳಿಗೆ ಇದರಿಂದ ಸಮಾಧಾನವಾಗಲಿಲ್ಲ. ದೇಹ ದೂರ ಕೊಚ್ಚಿ ಹೋಗಿದೆ, ಕರ್ಮಾಂತರ ಮುಗಿಸೋಣ, ಆಕೆಯ ತಾಳಿ ತೆಗೆಸೋಣ ಎಂದು ಹಟ ಹಿಡಿದರು. ಷಡಕ್ಷರಪ್ಪನವರು ನಾಟಿಯ ಕೆಲಸ ಬಿಟ್ಟು ದಿನವೂ ಆ ಮನೆಗೆ ಹೋಗಿ ಹೊರಜಗುಲಿಯಲ್ಲಿ ಕುಳಿತರು. "ಅವನು ನೀರಲ್ಲಿಲ್ಲ. ಇದ್ದಿದ್ರೆ ಬರ್ತಿದ್ದ. ನಾನಿರೋವರೆಗೆ ಆ ಮಗೂ ಕುತ್ತಿಗೆಗೆ ಯಾರೂ ಕೈ ಹಾಕ್ಬಾರ್ದು" ಎಂದರು. ಬೈದವರಿದ್ದರು, ಹುಚ್ಚನೆಂದವರಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಮುರಳಿ ಬರಿಗಾಲಲ್ಲಿ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಸಾಯಲೆಂದೇ ಏರಿಗೆ ಹೋಗಿದ್ದನಂತೆ. ಬಿಳಿಗಡ್ಡದ ಮುದುಕರೊಬ್ಬರು ಪಕ್ಕದಲ್ಲಿ ಬಂದು ಕುಳಿತು, "ಒಳಗೆ ಬಹಳ ಚಳಿ ಮಗಾ, ಬಸ್ಸು ಹತ್ತು" ಎಂದರಂತೆ. ಹೆದರಿ, ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿ, ಸಿಕ್ಕಿದ ಬಸ್ಸು ಹತ್ತಿ ದೂರದ ಊರೊಂದರ ಮಠದಲ್ಲಿದ್ದನಂತೆ.

ಮುರಳಿ ಏರಿಗೆ ಹೋದ ದಿನದ ಲೆಕ್ಕ ನಾನು ಹಾಕಿ ನೋಡಿದ್ದೇನೆ. ಮುದುಕರು ಆಗಲೇ ತೀರಿಕೊಂಡು ಮೂರು ದಿನವಾಗಿತ್ತು.

ಆ ಮುದುಕರನ್ನು ಸಮಾಧಿ ಮಾಡಿದಾಗ ಸಮಿತಿಯ ದಾಖಲೆ ಪುಸ್ತಕದಲ್ಲಿ ಯಾವ ಹೆಸರು ಬರೆಯಲಿ ಎಂದು ಷಡಕ್ಷರಪ್ಪನವರನ್ನು ಕೇಳಿದೆ. "ನಮ್ಮನೆ ಹೆಸರೇ ಬರೀರಿ" ಎಂದರು. ಅಂದಿನಿಂದ ಗುರುತಿಲ್ಲದೆ ಹೋದ ಇಪ್ಪತ್ತೇಳು ಮಂದಿ ಆ ಪುಸ್ತಕದಲ್ಲಿ ಅವರ ಮನೆತನದವರೇ ಆಗಿದ್ದಾರೆ.

ಕಳೆದ ತಿಂಗಳು ಈ ಅಭಿನಂದನಾ ಸಂಪುಟಕ್ಕೆ ಭಾವಚಿತ್ರ ಕೇಳಲು ಹೋಗಿದ್ದೆ. ಮಧ್ಯಾಹ್ನ, ಅವರು ಗದ್ದೆಯ ಬದುವಿನ ಹುಲ್ಲು ಕೀಳುತ್ತಿದ್ದರು. ನಾಲೆಯ ಕಡೆಯಿಂದ "ಷಡಕ್ಷರೀ" ಎಂದು ಯಾರೋ ಸಲುಗೆಯಿಂದ ಕರೆದರು. ತಿರುಗಿ ನೋಡಿದೆ; ಏರಿ ಬರಿದಾಗಿತ್ತು.

"ನೋಡ್ಬೇಡಿ ಮೇಷ್ಟ್ರೇ. ನಿಮ್ಮನ್ನಲ್ಲ" ಎಂದರು, ತಲೆಯೆತ್ತದೆ.

"ಯಾರದು?"

"ಒಬ್ರಲ್ಲ. ದಿನಕ್ಕೊಂದು ದನಿ. ಸಂಕ್ರಾಂತಿಯಿಂದ ಶುರುವಾಗಿದೆ."

"ಹೆದರಿಕೆ ಆಗಲ್ವೇನ್ರೀ?"

"ನಾನು ಕರೆದಾಗ ಬಂದೋರು ಅವ್ರು. ಅವ್ರು ಕರೆದಾಗ ಹೋಗ್ದೆ ಇರೋದಕ್ಕೆ ನಾಚಿಕೆ ಆಗುತ್ತೆ, ಅಷ್ಟೇ." ಕೈಗೆ ಹತ್ತಿದ ಮಣ್ಣು ಕೊಡವಿ ಮುಂದುವರಿಸಿದರು: "ಊರ ಬಾವೀಲಿ ಹದಿನಾಲ್ಕು ಮಕ್ಳಿಗೆ ಈಜು ಕಲಿಸ್ತಿದ್ದೀನಿ. ಆ ಮಕ್ಳಿಗೆ ಈಜು ಬರೋವರೆಗೂ ನಾನು ಓ ಅನ್ನಲ್ಲ ಅಂತ ಅವ್ರಿಗೆ ಹೇಳಿದ್ದೀನಿ."

ಷಡಕ್ಷರಪ್ಪನವರಿಗೆ ಆಯುರಾರೋಗ್ಯವನ್ನು ಕೋರುವ ಈ ಹೊತ್ತಿನಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಆ ಹದಿನಾಲ್ವರು ಕಲಿತು ಮುಗಿಸುವ ಮೊದಲೇ ಮತ್ತೆ ಹದಿನಾಲ್ವರು ಬಾವಿಯ ಕಟ್ಟೆಯ ಮೇಲೆ ಬಂದು ನಿಲ್ಲಲಿ, ಅವರ ಬೆನ್ನಿಗೆ ಇನ್ನಷ್ಟು ಮಂದಿ ಬರಲಿ, ಈಜು ಬಾರದ ಒಂದಾದರೂ ಮಗು ವರ್ಷ ವರ್ಷವೂ ಅವರ ಕೈ ಹಿಡಿದುಕೊಂಡಿರಲಿ.