ಸರ್ಟಿಫಿಕೇಟು ತಿದ್ದಿದವರು ಯಾರು?

ಕಳೆದ ಗುರುವಾರ ಬೆಳಗ್ಗೆ, ಉಪ್ಪಿಟ್ಟು ಇನ್ನೂ ಬಾಣಲೆಯಲ್ಲಿರುವಾಗಲೇ, ನನ್ನ ಮಗಳು ಫೋರ್ಜರಿ ಮಾಡಿದ್ದಾಳೆ ಎಂಬ ಸುದ್ದಿ ಬಂತು.

ಗಾಬರಿ ಬೇಡ, ಪೊಲೀಸರು ಬರಲಿಲ್ಲ. ಬಂದದ್ದು ನೋಯ್ಡಾದ ಕಂಪನಿಯೊಂದರ ಈಮೇಲ್. ಸೋಮವಾರ ಅದಿತಿ ಅಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಅವಳ ಮೊದಲ ಕೆಲಸ. (ದೆಹಲಿಯ ಲಕ್ಷ್ಮೀ ನಗರದ ನಮ್ಮ ಗಲ್ಲಿಯಲ್ಲಿ ಆಗಲೇ ಲಡ್ಡು ಹಂಚಿ ಆಗಿತ್ತು. ವಾಪಸ್ ಕೇಳುವುದು ಹೇಗೆ?) ನೀವು ಕಳಿಸಿದ ಡಿಗ್ರಿ ಸರ್ಟಿಫಿಕೇಟನ್ನು ಯಾರೋ ತಿದ್ದಿದ್ದಾರೆ, ಶನಿವಾರದೊಳಗೆ ಅಸಲಿಯನ್ನು ಕಳಿಸದಿದ್ದರೆ ಆಫರ್ ರದ್ದು ಎಂದು ಅದರಲ್ಲಿತ್ತು.

ಈಗಿನ ಸರ್ಟಿಫಿಕೇಟುಗಳು ನಮ್ಮ ಕಾಲದವುಗಳ ಹಾಗಲ್ಲ ನೋಡಿ. ಕಾಗದವೇ ಇಲ್ಲ. ಯೂನಿವರ್ಸಿಟಿಯವರು ಡಿಜಿಟಲ್ ಸಹಿ ಹಾಕಿ ಫೈಲ್ ಕಳಿಸುತ್ತಾರೆ. ಆಮೇಲೆ ಅದರಲ್ಲಿ ಒಂದು ಚುಕ್ಕೆ ಆಚೀಚೆಯಾದರೂ ಗೊತ್ತಾಗಿಬಿಡುತ್ತದೆ. ಕಂಪನಿಯವರು ಯೂನಿವರ್ಸಿಟಿಗೆ ಫೋನ್ ಮಾಡಿ ಗೋಗರೆಯಬೇಕಿಲ್ಲ. ಫೈಲನ್ನು ವೆಬ್‌ಸೈಟಿಗೆ ಹಾಕಿದರೆ ಅಸಲಿಗೆ ಹಸಿರು ಟಿಕ್, ತಿದ್ದಿದ್ದಕ್ಕೆ ಕೆಂಪು ಗುರುತು. ಯಾರು ಬೇಕಾದರೂ ನೋಡಬಹುದು. ನಾವೂ ನೋಡಿದೆವು. ಕೆಂಪು!

ಅದಕ್ಕಿಂತ ಕೆಂಪಾದವರು ನಮ್ಮ ಯಜಮಾನರು. ಕೇಂದ್ರ ಸರ್ಕಾರದ ಗೆಜೆಟೆಡ್ ಅಧಿಕಾರಿ ಸ್ವಾಮಿ! ಒಂದು ಕಾಲದಲ್ಲಿ ಭಾನುವಾರ ಬಂತೆಂದರೆ ಕೋಚಿಂಗ್ ಹುಡುಗರೆಲ್ಲ ಅಟೆಸ್ಟ್ ಮಾಡಿಸಲು ನಮ್ಮ ಮೆಟ್ಟಿಲ ಮೇಲೆ ಸಾಲುಗಟ್ಟುತ್ತಿದ್ದರು. ಇವರು ಹಸಿರು ಇಂಕಿನಲ್ಲಿ ಸಹಿ ಹಾಕಿ, ಟ್ರೂ ಕಾಪಿ ಎಂದು ಸೀಲು ಗುದ್ದಿ ಕಳಿಸುತ್ತಿದ್ದರು. (ಓದುತ್ತಿದ್ದರೇ ಎಂದು ಕೇಳಬೇಡಿ.) ಅಂಥವರ ಮನೆಯಲ್ಲೇ ನಕಲಿ ಸರ್ಟಿಫಿಕೇಟೇ?

ತನಿಖೆ ಶುರುವಾಯಿತು. ಹೆಸರು ಸರಿ ಇತ್ತು. ಅಂಕ, ವರ್ಷ ಎಲ್ಲವೂ ಸರಿ ಇದ್ದವು. ಇವರ ಅನುಮಾನ ಮೊದಲು ಸೈಬರ್ ಕೆಫೆಯ ಭಯ್ಯಾನ ಮೇಲೆ ಹೋಯಿತು. ಆಮೇಲೆ ಮುನಿರ್ಕಾದಲ್ಲಿರುವ ಅದಿತಿಯ ಗೆಳತಿ ರಿಯಾಳ ಮೇಲೆ.

"ಕುಛ್ ಭೀ, ಏನೇನೋ ಹೇಳ್ತೀಯಾ ಪಪ್ಪಾ. ರಿಯಾ ಯಾಕೆ ಮಾಡ್ತಾಳೆ?" ಎಂದಳು ಮಗಳು, ಕಣ್ಣಲ್ಲಿ ನೀರು ತುಂಬಿಕೊಂಡು. ಇಷ್ಟು ದಿನ ಇಂಟರ್‌ವ್ಯೂಗೆಂದು ಮೆಟ್ರೋದಲ್ಲಿ ನಿಂತೇ ಅಲೆದ ಹುಡುಗಿ ಅವಳು.

ಕನ್ನಡಕ ಹಾಕಿಕೊಂಡು ಫೈಲನ್ನು ದೊಡ್ಡದು ಮಾಡಿ ನೋಡಿದೆ. ನೆತ್ತಿಯಲ್ಲಿ, ನಟ್ಟನಡುವೆ, ಏನೋ ಇತ್ತು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಇದೇನೇ ಎಂದು ಅದಿತಿಯನ್ನು ಕೇಳಿದೆ. ಯೂನಿವರ್ಸಿಟಿಯ ಹೊಸ ಲೋಗೋ ಇರಬೇಕು ಎಂದಳು. (ಅವಳಿಗೆ ಕನ್ನಡ ಅರ್ಥವಾಗುತ್ತದೆ. ಓದಲು ಮಾತ್ರ ಬರುವುದಿಲ್ಲ. ಆ ತಪ್ಪನ್ನು ಯಾವ ವೆಬ್‌ಸೈಟೂ ಹಿಡಿದಿರಲಿಲ್ಲ.)

ಅದು 'ಶ್ರೀ'. ದುಂಡಗಿನ, ಬಾಲವಿರುವ, ನಮ್ಮ ಯಜಮಾನರ ಖಾಸಾ ಶ್ರೀ.

ನಮ್ಮ ಮನೆಯಲ್ಲಿ ಶ್ರೀ ಇಲ್ಲದ ಕಾಗದವೇ ಇಲ್ಲ. ದಿನಸಿ ಚೀಟಿಯ ಮೇಲೆ ಶ್ರೀ. ಫ್ರಿಜ್ಜಿನ ವಾರಂಟಿ ಕಾರ್ಡಿನ ಮೇಲೂ ಶ್ರೀ. ಸರ್ಟಿಫಿಕೇಟು ಬಂದ ದಿನ ಅದಿತಿ ಅದನ್ನು ನಾವೆಲ್ಲರೂ ಬಳಸುವ ಫೋಲ್ಡರಿಗೆ ಹಾಕಿದ್ದಳು. ಉಡುಪಿಯ ನೆಂಟರಿಗೆ ಕಳಿಸುವ ಮುನ್ನ ಇವರು ಫೋನಿನ ಮೇಲೆ ಬೆರಳಾಡಿಸಿ ಶ್ರೀಕಾರ ಹಾಕಿ, ಭಕ್ತಿಯಿಂದ ಸೇವ್ ಮಾಡಿದ್ದರು. ಇವಳು ಅದನ್ನೇ ಎತ್ತಿ ಕಂಪನಿಗೆ ಕಳಿಸಿದ್ದಳು.

"ನೀವೇನಾ ತಿದ್ದಿದ್ದು?" ಎಂದೆ.

"ನಾನೆಲ್ಲಿ ತಿದ್ದಿದೆ? ಶ್ರೀ ಬರೆದೆ ಅಷ್ಟೇ. ಬರಿ ಹಣೆಯಲ್ಲಿ ಕಳಿಸೋಕಾಗುತ್ತೇನೇ?"

ಏನು ಹೇಳುತ್ತೀರಿ ಇದಕ್ಕೆ? ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಮೋಸಕ್ಕೂ ಆಶೀರ್ವಾದಕ್ಕೂ ವ್ಯತ್ಯಾಸ ತಿಳಿಯದ ಅದೆಂಥ ವೆರಿಫಿಕೇಶನ್ ಎಂದು ಗೊಣಗಿದರು. ವಿವರಣೆ ಬರೆಯಲು ವೆಬ್‌ಸೈಟಿನಲ್ಲಿ ಜಾಗವಿದೆಯೇ ಎಂದು ಹುಡುಕಿದರು. ಇರಲಿಲ್ಲ.

ಪುಣ್ಯಕ್ಕೆ, ಯೂನಿವರ್ಸಿಟಿಯ ಈಮೇಲಿನಲ್ಲಿ ಅಸಲಿ ಫೈಲ್ ಹಾಗೇ ಇತ್ತು. ಅದಿತಿ ಅದನ್ನು ಕಳಿಸಿದಳು. ಹಸಿರು ಟಿಕ್! ಕಂಪನಿಯ ಹುಡುಗಿ ಫೋನ್ ಮಾಡಿ, ಚಲೋ, ಸೋಮವಾರ ಬನ್ನಿ ಎಂದಳು. ನಾನು ತಣ್ಣಗಾದ ಉಪ್ಪಿಟ್ಟನ್ನೇ ಸಂತೋಷವಾಗಿ ತಿಂದೆ.

ಇವರಿಗೆ ಮಾತ್ರ ಸಮಾಧಾನವಿಲ್ಲ. ಮಗಳ ಮೊದಲ ಕೆಲಸಕ್ಕೆ ಎಲ್ಲೂ ಒಂದು ಶ್ರೀ ಇಲ್ಲವಲ್ಲ ಎಂದು ಭಾನುವಾರವೆಲ್ಲ ಮುಖ ಸಣ್ಣದು ಮಾಡಿಕೊಂಡಿದ್ದರು. ಸೋಮವಾರ ಹೊರಡುವಾಗ ಅದಿತಿಗೇ ಪಾಪ ಅನಿಸಿತು. ಕೈ ಮುಂದೆ ಚಾಚಿದಳು.

"ಇಲ್ಲಿ ಬರಿ ಪಪ್ಪಾ. ಛೋಟಾ ಸಾ. ನನ್ನನ್ನ ಯಾರೂ ವೆರಿಫೈ ಮಾಡಲ್ಲ."

ಇವರು ಅಟೆಸ್ಟ್ ಮಾಡುವ ಹಸಿರು ಪೆನ್ನು ತಂದು, ಯಾರಿಗೂ ಕಾಣದ ಜಾಗ ಹುಡುಕಿ, ಕಣ್ಮುಚ್ಚಿ ಪ್ರಾರ್ಥಿಸಿ ಬರೆದರು. ಹುಡುಗಿ ನಗುತ್ತಾ ಹೋದಳು. ನನ್ನ ಕಣ್ಣೂ ಸ್ವಲ್ಪ ತೇವವಾಯಿತು, ಸುಳ್ಳೇಕೆ ಹೇಳಲಿ?

ಸಂಜೆ ಬಂದವಳ ಮುಖ ಗಂಟಾಗಿತ್ತು. ಹಾಜರಿ ಯಂತ್ರಕ್ಕೆ ಬೆರಳಚ್ಚು ಕೊಡಲು ಕೂರಿಸಿದ್ದರಂತೆ. ಎಷ್ಟು ಒತ್ತಿದರೂ ಯಂತ್ರ ಒಪ್ಪಲೇ ಇಲ್ಲವಂತೆ. ಯಜಮಾನರು ಶ್ರೀ ಬರೆದದ್ದು ಯಾವ ಬೆರಳ ಮೇಲೆಂದು ನಾನು ಬೇರೆ ಹೇಳಬೇಕೇ?