ಕಾನೂನು ಬಂದ ವರ್ಷದ ಆಷಾಢ

ಚಿನ್ನೂ, ಗುಂಡಾ, ಈ ಸಂಗತಿಯನ್ನು ನಿಮ್ಮ ಅಮ್ಮ ನಿಮಗೆ ಹೇಳುವವಳಲ್ಲ. ಕೇಳಿದರೆ "ಅಯ್ಯೋ, ಅದೆಲ್ಲ ಈಗ್ಯಾಕ್ ಬುಡಿ" ಎಂದು ಎದ್ದು ಹೋಗುತ್ತಾಳೆ. ನಿಮ್ಮ ಅಪ್ಪ ಹೇಳುತ್ತಾನೆ, ಆದರೆ ಅರ್ಧಕ್ಕೇ ಸಿಟ್ಟು ಬಂದು ಕಥೆ ಬೇರೆ ಕಡೆ ಹೋಗುತ್ತದೆ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ನಾಲ್ಕು ಜನ ಕೂತರೆ ನಾನು ಒಲೆ ಕಡೆ ತಿರುಗಿಬಿಡುತ್ತೇನೆ. ಗುಬ್ಬಿ ಹತ್ತಿರದ ನಮ್ಮೂರ ಸ್ಕೂಲಿನಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ಕೈಯಲ್ಲಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಕೊರೋನಾ ಬಂದ ವರ್ಷ. ನೀವಿಬ್ಬರೂ ಇನ್ನೂ ಹುಟ್ಟಿರಲಿಲ್ಲ. ನಾವು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ಮನೆಯ ಓನರಮ್ಮ ಮತ್ತು ಅವರ ಯಜಮಾನರು, ಮೇಲೆ ನಾವು. ಗೇಟು ಒಂದೇ, ನೀರಿನ ಟ್ಯಾಂಕು ಒಂದೇ. ಮಾಘದಲ್ಲಿ ನಿಮ್ಮ ಅಪ್ಪ ಅಮ್ಮನ ಮದುವೆಯಾಗಿತ್ತು. ಸೊಸೆ ಬಂದಳು, ಅವಳ ಕೈ ಬಳೆಯ ಸದ್ದು ಮನೆಗೆ ಹೊಸದಾಗಿರುವಾಗಲೇ ಊರೆಲ್ಲ ಮುಚ್ಚಿತು. ನಿಮ್ಮ ಅಪ್ಪ ಕೆಲಸ ಮಾಡುತ್ತಿದ್ದ ಅಂತರಸನಹಳ್ಳಿಯ ವರ್ಕ್‌ಶಾಪಿಗೆ ಬೀಗ ಬಿತ್ತು. ನಿಮ್ಮ ಅಮ್ಮ ನರ್ಸು. ಅವಳಿಗೆ ಮಾತ್ರ ರಜೆಯಿಲ್ಲ. ಎಲ್ಲರೂ ಒಳಗೆ ಕೂತಾಗ ಅವಳೊಬ್ಬಳು ಹೊರಗೆ ಹೋಗಬೇಕು, ಅದೂ ಆ ಕಾಯಿಲೆಯವರಿದ್ದ ವಾರ್ಡಿಗೆ.

ಸಂಜೆ ಅವಳ ಸ್ಕೂಟರಿನ ಸದ್ದು ಕೇಳುವವರೆಗೆ ನನಗೆ ಯಾವ ಕೆಲಸವೂ ಕೈಗೆ ಹತ್ತುತ್ತಿರಲಿಲ್ಲ. ಬಂದವಳು ಮೇಲೆ ಬರುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ಒಂದು ಬಚ್ಚಲಿತ್ತು. ಅಲ್ಲೇ ಯೂನಿಫಾರಂ ಬಕೆಟ್ಟಿಗೆ ಹಾಕಿ, ತಲೆಗೆ ನೀರು ಹೊಯ್ದುಕೊಂಡು, ನಾನು ಬಾಗಿಲ ಮೇಲೆ ನೇತುಹಾಕಿದ್ದ ಸೀರೆ ಉಟ್ಟು, ಆಮೇಲೆ ಮೇಲೆ. ಆದರೂ ನನ್ನಿಂದ ದೂರ ಕೂತು ಉಣ್ಣುತ್ತಿದ್ದಳು. ಮದುವೆಯಾಗಿ ಎರಡು ತಿಂಗಳ ಹುಡುಗಿ, ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮುದ್ದೆ ಮುರಿಯುತ್ತಿದ್ದಳು.

ಓನರಮ್ಮ ಕೆಟ್ಟವರಲ್ಲ. ಮಠಕ್ಕೆ ನಡೆದುಕೊಳ್ಳುವವರು, ಪೂಜೆ ಮಾಡದೆ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಅವರ ಯಜಮಾನರಿಗೆ ಉಬ್ಬಸ. ಜಗಲಿಯ ಕುರ್ಚಿಯಲ್ಲಿ ಕೂತು ಉಸಿರೆಳೆದರೆ ಮೇಲಿನ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ನಾನು ರಂಗೋಲಿ ಹಾಕಲು ಇಳಿದಾಗ ಓನರಮ್ಮ ದೂರದಿಂದಲೇ ಮಾತಾಡಿಸಿದರು.

"ನಿನ್ ಸೊಸೆ ಅದೇ ವಾರ್ಡಿಗೆ ಹೋಗ್ತಾಳಂತೆ?"

"ಊಂ ಕಣಮ್ಮ."

"ನಮ್ ಯಜಮಾನ್ರ ಸ್ಥಿತಿ ನೀನೇ ನೋಡ್ತಿದೀಯ. ತಿಂಗ್ಳೊಳ್ಗೆ ಬೇರೆ ಕಡೆ ನೋಡ್ಕೊಂಬುಡಿ. ನಂಗೂ ಬೇಜಾರೇ. ಏನ್ ಮಾಡ್ಲಿ ಹೇಳು."

ರಂಗೋಲಿ ಪುಡಿ ಬೆರಳಿನಲ್ಲೇ ಉಳಿಯಿತು. ಆಗ ಯಾರು ಮನೆ ಕೊಡುತ್ತಾರೆ? ನರ್ಸು ಎಂದರೆ ಗೇಟನ್ನೇ ತೆಗೆಯದ ಕಾಲ ಅದು.

ಅದಾಗಿ ಸ್ವಲ್ಪ ದಿನಕ್ಕೆ ದೆಹಲಿಯಿಂದ ಕಾನೂನು ಬಂತು. ಬಾಡಿಗೆಯವರನ್ನು ಈ ಕಷ್ಟದಲ್ಲಿ ಹೊರಗೆ ಹಾಕಬೇಡಿ ಎಂದು ಅದಕ್ಕೂ ಮೊದಲು ಆರ್ಡರು ಬಂದಿತ್ತು, ಆದರೆ ಅದು ಕೂಲಿಗೆ ಬಂದವರಿಗೆ, ಓದುವ ಹುಡುಗರಿಗೆ ಎಂದು ಜನ ಅಂದುಕೊಂಡಿದ್ದರು. ಈಗ ಬಂದದ್ದು ಡಾಕ್ಟರು, ನರ್ಸುಗಳ ಸಲುವಾಗಿಯೇ. ಅವರ ಮೇಲೆ ಕೈ ಮಾಡಿದರೆ, ಅವರು ಇರುವ ಕಡೆ ಕಾಟ ಕೊಟ್ಟರೆ ಜೈಲು. ಟಿವಿಯಲ್ಲಿ 'ಸುಗ್ರೀವಾಜ್ಞೆ' ಎಂದರು. ಹಾಗೆಂದರೇನು ಎಂದು ಕೇಳಿದೆ. "ಪಾರ್ಲಿಮೆಂಟು ಸೇರೋವರ್ಗೂ ಕಾಯಂಗಿಲ್ಲ ಅಂದಾಗ ಮಾಡೋ ಕಾನೂನು ಕಣವ್ವ, ಅರ್ಜೆಂಟ್ ಕಾನೂನು" ಎಂದ ನಿಮ್ಮ ಅಪ್ಪ. ಅವನ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂದಿತ್ತು. ಮೊಬೈಲು ಹಿಡಿದುಕೊಂಡು ಎರಡೆರಡು ಮೆಟ್ಟಿಲು ಹಾರಿ ಇಳಿದ.

"ಆಂಟಿ, ಕಾನೂನ್ ಬಂದೈತೆ ನೋಡಿ. ನರ್ಸುಗಳ್ನ ಮನೆ ಬಿಡ್ಸಂಗಿಲ್ಲ."

"ಯಾರಪ್ಪ ಬಿಡ್ಸಿದ್ದು?" ಎಂದರು ಓನರಮ್ಮ. "ನೋಡ್ಕಳಿ ಅಂದೆ, ಬಿಡಿ ಅಂದ್ನಾ? ಕೇಳು ನಿಮ್ಮವ್ವನ್ನ."

ಇಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ, ಅಷ್ಟೇ.

ಆಮೇಲೆ ಅವರು ಮನೆ ಬಿಡುವ ಮಾತೆತ್ತಲಿಲ್ಲ. ಕಾನೂನು ಅಷ್ಟು ಮಾಡಿತು, ಅದನ್ನು ನಾನು ಮರೆಯಬಾರದು. ಅದು ಬಾರದೆ ಹೋಗಿದ್ದರೆ ಯುಗಾದಿಗೆ ಕಟ್ಟಿದ ತೋರಣ ಒಣಗಿ ಉದುರುವ ಮೊದಲೇ ನಮ್ಮ ಪಾತ್ರೆಗಳು ಬೀದಿಯಲ್ಲಿರುತ್ತಿದ್ದವು. ಆದರೆ ಓನರಮ್ಮ ಮಾತನ್ನೇ ಬಿಟ್ಟರು. ಮಜ್ಜಿಗೆ ಕೊಡುವುದು, ಕರಿಬೇವು ಕೇಳುವುದು ನಿಂತಿತು. ಸಂಜೆ ನಿಮ್ಮ ಅಮ್ಮ ಬರುವ ಹೊತ್ತಿಗೆ ಸರಿಯಾಗಿ ಗೇಟಿಗೆ ಒಳಗಿನಿಂದ ಚಿಲಕ ಬಿದ್ದಿರುತ್ತಿತ್ತು. ಅವಳು ಹಾರನ್ ಮಾಡುವುದು, ನಾನು ಇಳಿದು ತೆಗೆಯುವುದು. ಕಾನೂನು ನಮ್ಮ ಕಡೆ ಇತ್ತು, ನೀರಿನ ಮೋಟಾರಿನ ಸ್ವಿಚ್ಚು ಅವರ ಮನೆಯೊಳಗಿತ್ತು. ಒಂದು ಮನೆಯಲ್ಲಿ ಕೋಲು ಹಿಡಿದು ವಾಸ ಮಾಡಲು ಆಗುತ್ತದೆಯೇ? ಬೆಳಗಾದರೆ ಅದೇ ಅಂಗಳದಲ್ಲಿ ಮುಖ ನೋಡಬೇಕು.

ಆಷಾಢ ಹತ್ತಿರ ಬಂದಾಗ ಓನರಮ್ಮ ತಾವಾಗಿಯೇ ಮಾತಾಡಿಸಿದರು. ಮೂರು ಮೆಟ್ಟಿಲು ಹತ್ತಿ ನಿಂತು ಕರೆದರು. ನನಗೆ ಮೊದಲು ಸಂತೋಷವೇ ಆಯಿತು.

"ಆಷಾಢ ಬಂತಲ್ಲಮ್ಮ, ಸೊಸೆನ ತವರಿಗೆ ಕಳ್ಸೋದ್ ಯಾವಾಗ?"

ನಿಮಗೆ ಈ ಪದ್ಧತಿ ಗೊತ್ತಿರಲಿಕ್ಕಿಲ್ಲ. ಮದುವೆಯಾದ ಮೊದಲ ವರ್ಷ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎನ್ನುತ್ತಾರೆ. ಸೊಸೆಯನ್ನು ತವರಿನವರು ಬಂದು ಕರೆದುಕೊಂಡು ಹೋಗುತ್ತಾರೆ, ಶ್ರಾವಣಕ್ಕೆ ಮಡಿಲು ತುಂಬಿ ಕಳಿಸುತ್ತಾರೆ. ನನ್ನನ್ನೂ ಹಾಗೆ ಕರೆದುಕೊಂಡು ಹೋಗಿದ್ದರು.

"ಈ ವರ್ಷ ಹೆಂಗಮ್ಮ, ಡ್ಯೂಟಿ..." ಎಂದೆ.

"ಡ್ಯೂಟಿಗೋಸ್ಕರ ಶಾಸ್ತ್ರ ಬಿಡಕ್ಕಾಯ್ತದಾ? ಈ ಕೆಟ್ ಕಾಲ್ದಾಗೆ ಶಾಸ್ತ್ರ ಮೀರಿ ಏನಾರಾ ಆದ್ರೆ ಯಾರ್ ಹೊಣೆ? ನಮ್ಮನೆ ಹೊಸ್ತಿಲು ಕಣಮ್ಮ ಅದು."

ಮೇಲೆ ಬಂದು ಹೇಳಿದೆ. ನಿಮ್ಮ ಅಪ್ಪ ಕುಣಿದುಬಿಟ್ಟ. "ಹೋದೋಳ್ನ ಮತ್ತೆ ಒಳಿಕ್ಕೆ ಬಿಟ್ಕಂತಾರಾ? ಇದೂ ಬಿಡ್ಸೋದೇ. ನಡಿ, ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡನ."

ನಿಮ್ಮ ಅಮ್ಮ ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದಳು. "ಏನಂತ ಬರ್ಕೊಡ್ಲಿ? ಆಷಾಢಕ್ಕೆ ತವರಿಗೆ ಹೋಗು ಅಂದ್ರು ಸಾರ್, ಅರೆಸ್ಟ್ ಮಾಡಿ ಅಂತನಾ?"

ಮೂವರಿಗೂ ನಗು ಬಂತು.

ಅವಳ ತವರು ಕುಣಿಗಲ್ ಹತ್ತಿರ. ಫೋನು ಮಾಡಿದಳು. ಸ್ಪೀಕರಿಗೆ ಹಾಕಿದ್ದರಿಂದ ಬೀಗಿತ್ತಿಯ ದನಿ ನನಗೂ ಕೇಳಿತು. "ಬಾ ಮಗ, ನಿನ್ಗಲ್ದೆ ಇನ್ಯಾರ್ಗೆ. ಆದ್ರೆ ಊರ್ನೋರು ದಾರಿಗೆ ಮುಳ್ ಹಾಕವ್ರೆ. ಆಸ್ಪತ್ರೇಲಿ ಕೆಲ್ಸ ಮಾಡೋಳು ಊರೊಳಿಕ್ಕೆ ಬೇಡ, ತೋಟದ ಪಂಪ್ ಮನೇಲಿ ಇರ್ಲಿ ಅಂತವ್ರೆ ಕಣವ್ವ." ಹೇಳುತ್ತಾ ಆ ತಾಯಿ ಅತ್ತಳು. ನಿಮ್ಮ ಅಮ್ಮ ಅಳಲಿಲ್ಲ. ರಜೆ ಹಾಕಿ ಹೋಗುವ ಹಾಗೂ ಇರಲಿಲ್ಲ. ಅವಳದು ಕಾಂಟ್ರಾಕ್ಟ್ ಕೆಲಸ, ಬಿಟ್ಟು ಹೋದರೆ ಮತ್ತೆ ಕರೆಯುವುದಿಲ್ಲ. ಮಾರನೆಯ ದಿನ ಅವಳು ಚಿಕ್ಕ ಬ್ಯಾಗಿಗೆ ಎರಡು ಜೊತೆ ಬಟ್ಟೆ ತುಂಬಿದಳು.

"ಆಸ್ಪತ್ರೆ ಸ್ಟೋರ್ ರೂಮಲ್ಲಿ ಇಬ್ರು ಸಿಸ್ಟರ್‌ಗಳು ಮಲಗ್ತಾವ್ರೆ ಅತ್ತೆ. ನಾನೂ ಅಲ್ಲೇ ಇರ್ತೀನಿ. ಒಂದ್ ತಿಂಗ್ಳು ತಾನೆ."

ಆ ವರ್ಷ ಒಂದು ಗೇಟು ದಾಟಿ ಹೊರಗೆ ಹೋದವರು ಮತ್ತೆ ಒಳಗೆ ಬರುವುದು ಸುಲಭವಿರಲಿಲ್ಲ. ನಮಗದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬ್ಯಾಗಿನ ಜಿಪ್ಪು ಸಿಕ್ಕಿಹಾಕಿಕೊಂಡಿತು. ಅದನ್ನು ಬಿಡಿಸುತ್ತಾ ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು.

ನಾನು ಅಡುಗೆಮನೆಗೆ ಹೋಗಿ ನಿಂತೆ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಇಷ್ಟು ವರ್ಷ ಕೇಳಿದ್ದ ಮಾತು. ಅದನ್ನೇ ಬಾಯೊಳಗೆ ನಾಲ್ಕು ಸಲ ಹೇಳಿಕೊಂಡೆ. ಆಮೇಲೆ ಕೆಳಗಿಳಿದೆ. ಓನರಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಯಜಮಾನರು ಕುರ್ಚಿಯಲ್ಲಿದ್ದರು. ನಾನು ಅಂಗಳದಲ್ಲೇ ನಿಂತೆ.

"ಅಮ್ಮ, ಅತ್ತೆ ಸೊಸೆ ಒಂದ್ ಹೊಸ್ತಿಲು ದಾಟ್‌ಬಾರ್ದು, ಅಷ್ಟೇ ತಾನೆ ಶಾಸ್ತ್ರ?"

"ಅದೇ ಮತ್ತೆ."

"ಹಂಗಾರೆ ನಾನೇ ಹೋಗ್ತೀನಿ. ನಂಗೂ ತವರೈತೆ."

ಅವರ ಕೈ ಮೊರದಲ್ಲೇ ನಿಂತಿತು. "ಅಯ್ಯೋ ಶಿವನೇ! ಆಷಾಢಕ್ಕೆ ಅತ್ತೆ ತವರಿಗೆ ಹೋಗೋದು ಎಲ್ಲಾದ್ರೂ ಉಂಟೇನಮ್ಮ? ಜನ ನಕ್ಕಾರು."

"ನಗ್ಲಿ ಬುಡಿ."

ಕುರ್ಚಿಯಲ್ಲಿದ್ದ ಯಜಮಾನರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ, "ಲೇ, ಆಯಮ್ಮ ಹೇಳೋದ್ರಾಗೆ ತಪ್ಪೇನೈತೆ? ಇಬ್ರಲ್ಲಿ ಯಾರ್ ಹೋದ್ರೂ ಹೊಸ್ತಿಲಿಗೆ ಒಬ್ರೇ ಕಣೇ" ಎಂದರು. ಓನರಮ್ಮ ಅವರತ್ತ ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದರು.

ನಿಮ್ಮ ಅಮ್ಮ ಒಪ್ಪಲಿಲ್ಲ. "ನಿಮ್ಗೇನಾರಾ ಆದ್ರೆ ಅಲ್ಲಿ ಯಾರ್ ನೋಡ್ತಾರೆ ಅತ್ತೆ" ಎಂದು ನನ್ನ ಚೀಲ ಕಿತ್ತಿಟ್ಟಳು. ನಾನು ಮತ್ತೆ ತೆಗೆದುಕೊಂಡೆ. ಕೊನೆಗೆ ಗುಬ್ಬಿ ಬಸ್ಸು ಹತ್ತಿದೆ. ಮೂರು ಜನರ ಸೀಟಿಗೆ ಒಬ್ಬರಂತೆ ಕೂರಿಸಿದ್ದರು. ನಿಮ್ಮ ತಾತ ಹೋದ ಮೇಲೆ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಮಾಸ್ಕಿನೊಳಗೆ ಉಸಿರು ಕಟ್ಟುತ್ತಿತ್ತು, ಕೆಮ್ಮು ಬಂದರೆ ಇಳಿಸಿಬಿಡುತ್ತಾರೆಂದು ದಾರಿಯುದ್ದಕ್ಕೂ ಉಗುಳು ನುಂಗುತ್ತಾ ಕೂತಿದ್ದೆ.

ನಮ್ಮೂರಲ್ಲಿ ಅಣ್ಣ ಕಾಯುತ್ತಿದ್ದ. ಅವನ ಹಿಂದೆ ಊರಿನ ನಾಲ್ಕು ಜನ. ತುಮಕೂರಿಂದ ಬಂದವರು ಸ್ವಲ್ಪ ದಿನ ಸ್ಕೂಲಲ್ಲಿರಲಿ ಎಂದರು. ಅಣ್ಣ ತಲೆ ಬಗ್ಗಿಸಿದ. "ಬಂದ್ಯೇನವ್ವ ಅತ್ತೆಮ್ಮ, ನಿನ್ನ ಸೊಸೆ ಓಡಿಸಿದ್ಲಾ?" ಎಂದು ಒಬ್ಬ ಮುದುಕ ಕೇಳಿದ, ನನ್ನ ಜೊತೆಯಲ್ಲೇ ಓದಿದವನು. "ಇಲ್ಲ ಕಣೋ, ಆಷಾಢ ಓಡಿಸ್ತು" ಎಂದೆ. ಎಲ್ಲರೂ ನಕ್ಕರು, ನನಗೂ ಸ್ವಲ್ಪ ಹಗುರವಾಯಿತು.

ನಾನು ಅಕ್ಷರ ಕಲಿತ ಕೋಣೆಯಲ್ಲೇ ಚಾಪೆ ಹಾಸಿದ್ದರು. ಅತ್ತಿಗೆ ಬುತ್ತಿ ತಂದು ಜಗಲಿಯಲ್ಲಿಟ್ಟು ದೂರ ನಿಂತು ಮಾತಾಡುತ್ತಿದ್ದಳು. ನನಗೆ ಊಟದ ಮೇಲೆ, ಮಾತಿನ ಮೇಲೆ ಮನಸ್ಸಿರಲಿಲ್ಲ. ನಿಮ್ಮ ಅಮ್ಮ ಸ್ನಾನ ಮುಗಿಸಿ ಮೇಲೆ ಹೋದ ಕೂಡಲೇ ಫೋನು ಮಾಡಬೇಕೆಂದು ಮಾತಾಗಿತ್ತು. ಕತ್ತಲಾಗುವ ಮೊದಲು ಫೋನು ಬಂದರೆ ಅವತ್ತು ಅವಳು ಗೇಟು ದಾಟಿ ಒಳಗೆ ಹೋಗಿದ್ದಾಳೆ ಎಂದರ್ಥ. ಬಂದಾಗ "ಬಂದೆ ಅತ್ತೆ" ಎನ್ನುವಳು, ನಾನು "ಸರಿ" ಎನ್ನುವೆ. ಅಷ್ಟೇ ಮಾತು.

ಒಂದು ದಿನ ಮಳೆ. ಫೋನು ಬರಲಿಲ್ಲ. ನಾನೇ ಮಾಡಿದೆ, ಇಬ್ಬರದೂ ಸ್ವಿಚ್ ಆಫ್. ಜ್ವರ ಬಂತೋ, ಗೇಟಿಗೆ ಬೀಗ ಬಿತ್ತೋ, ಪೊಲೀಸು ಸ್ಟೇಷನ್ನಿನವರೆಗೆ ಹೋಯಿತೋ, ನಾನು ಬಂದದ್ದೇ ತಪ್ಪಾಯಿತೋ ಎಂದು ಮನಸ್ಸು ಎಲ್ಲೆಲ್ಲೋ ಹೋಯಿತು. ಶಿವನನ್ನು ನೆನೆಯಲು ಕೂತರೆ ಮಂತ್ರ ಮಧ್ಯದಲ್ಲೇ ಮರೆತುಹೋಗುತ್ತಿತ್ತು.

ಬೆಳಿಗ್ಗೆ ನಿಮ್ಮ ಅಪ್ಪನ ಫೋನು ಬಂತು. ಹಿಂದಿನ ದಿನ ಶೆಟ್ಟಿಹಳ್ಳಿಯಲ್ಲಿ ಮಧ್ಯಾಹ್ನದಿಂದ ಕರೆಂಟಿರಲಿಲ್ಲ, ಅವನ ಮೊಬೈಲು ಸತ್ತಿತ್ತು, ನಿಮ್ಮ ಅಮ್ಮನದು ದಾರಿಯಲ್ಲಿ ಮಳೆಗೆ ನೆಂದು ನಿಂತಿತ್ತು. ಸಂಜೆ ಸ್ವಲ್ಪ ಹೊತ್ತು ಕರೆಂಟು ಬಂದು, ಮತ್ತೆ ರಾತ್ರಿಯೆಲ್ಲ ಹೋಯಿತಂತೆ. ಅದು ಬಂದ ಹೊತ್ತಿಗೇ ನಿಮ್ಮ ಅಮ್ಮ ಬಂದಳು. ಬಚ್ಚಲಲ್ಲಿ ನೀರಿಲ್ಲ, ಟ್ಯಾಂಕು ಖಾಲಿ. ಓನರಮ್ಮ ಮೋಟಾರು ಹಾಕಲಿಲ್ಲ, ಒಳಗೆ ಪೂಜೆಗೆ ಕೂತಿದ್ದರು. ಸ್ನಾನವಿಲ್ಲದೆ ಒಳಗೆ ಬರುವುದಿಲ್ಲವೆಂದು ಇವಳು ಯೂನಿಫಾರಂನಲ್ಲೇ ಗೇಟಿನ ಆಚೆ ಮಳೆಯಲ್ಲಿ ನಿಂತಳು. ನಿಮ್ಮ ಅಪ್ಪ ಕಾನೂನು, ಕೇಸು ಎಂದು ಕೂಗಲು ಶುರು ಮಾಡಿದನಂತೆ. ಆಗ ಜಗಲಿಯಲ್ಲಿದ್ದ ಯಜಮಾನರು ಗೋಡೆ ಹಿಡಿದುಕೊಂಡು ಎದ್ದರು, ಒಳಗೆ ಹೋದರು, ಮೋಟಾರಿನ ಸದ್ದು ಬಂತು. ಹೊರಗೆ ಬಂದು ನಿಂತು ಉಸಿರು ತೆಗೆದುಕೊಂಡು, "ಒಳಿಕ್ಕೆ ಬಾ ಮಗ, ನೆನೀಬೇಡ. ನೀನು ನೋಡ್ಕಳೋರು ನನ್ನಂಗೆ ಉಸಿರಿಲ್ದೋರೇ ಅಲ್ವಾ" ಎಂದರಂತೆ.

ಆ ಸಂಜೆಯಿಂದ ಆ ಹೊತ್ತಿಗೆ ಮೋಟಾರು ಹಾಕುವುದು ಅವರ ಕೆಲಸವಾಯಿತು. ಗೇಟಿನ ಚಿಲಕವೂ ತೆಗೆದೇ ಇರುತ್ತಿತ್ತು. ಓನರಮ್ಮ ತಡೆಯಲಿಲ್ಲ, ಮಾತನ್ನೂ ಆಡಲಿಲ್ಲ.

ಶ್ರಾವಣಕ್ಕೆ ನಾನು ವಾಪಸು ಬಂದೆ. ಅಣ್ಣ ಒಂದು ಹಲಸಿನ ಹಣ್ಣು ಹೊರಿಸಿ ಕಳಿಸಿದ್ದ. ಓನರಮ್ಮ ಗೇಟಿನ ಹತ್ತಿರ ಇದ್ದರು.

"ಬಂದ್ಯಾ ತವರಿಂದ? ಮಡಿಲು ತುಂಬಿ ಕಳ್ಸಿದ್ರಾ?"

ಅದು ತಮಾಷೆಯೋ ಚುಚ್ಚು ಮಾತೋ ತಿಳಿಯಲಿಲ್ಲ. ಹಣ್ಣು ಕೊಯ್ದು ಅರ್ಧ ಅವರ ಜಗಲಿಯಲ್ಲಿಟ್ಟೆ. ಬೇಸಿಗೆಯಿಂದ ನಮ್ಮ ಮನೆಯ ಒಂದು ಎಲೆಯನ್ನೂ ಮುಟ್ಟದವರು ಅದನ್ನು ನಲ್ಲಿ ಕೆಳಗೆ ಹಿಡಿದು ಸಿಪ್ಪೆಯೆಲ್ಲ ತಿಕ್ಕಿ ತೊಳೆದರು. ತೊಳೆದು ಒಳಗೆ ತೆಗೆದುಕೊಂಡು ಹೋದರು. ನಿಮ್ಮ ಅಮ್ಮ ಮೆಟ್ಟಿಲ ಮೇಲಿಂದ ನೋಡುತ್ತಿದ್ದಳು. ಅವತ್ತು ಮೊದಲ ಸಲ ಅವಳು ಅತ್ತದ್ದು ಕಂಡೆ.

ಆ ಮನೆಯಲ್ಲಿ ನಾವು ಇನ್ನೂ ಕೆಲವು ವರ್ಷ ಇದ್ದೆವು. ಚಿನ್ನೂ, ನಿನ್ನನ್ನು ಆಸ್ಪತ್ರೆಯಿಂದ ಕರೆತಂದದ್ದು ಅಲ್ಲಿಗೇ. ಮುಂದೆ ನಿಮ್ಮ ಪಾಠದಲ್ಲಿ ಆ ವರ್ಷದ ಕಾನೂನಿನ ವಿಷಯ ಬಂದೀತು. ಅದು ನಮ್ಮನ್ನು ಕಾಪಾಡಿತು ಎಂದೇ ಓದಿ. ಅದು ಬಂದ ಮೇಲೂ ನಿಮ್ಮ ಅಮ್ಮ ಮಳೆಯಲ್ಲಿ ನಿಂತದ್ದನ್ನು ಪಾಠದಲ್ಲಿ ಹಾಕಿರುವುದಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಈ ಹಾಳೆಗಳನ್ನು ಜೋಪಾನ ಮಾಡಿ ಮಕ್ಕಳೇ. ಅಡುಗೆಮನೆಯ ಗೂಡಿನಲ್ಲಿಟ್ಟರೆ ಇರುವೆ ಬರುತ್ತವೆ, ಅಟ್ಟದಲ್ಲಿ ಗೆದ್ದಲು. ಬೀರುವಿನಲ್ಲಿ ನಿಮ್ಮ ಅಮ್ಮನ ಧಾರೆ ಸೀರೆಯ ಮಡಿಕೆಯೊಳಗೆ ಇಡಿ. ಅದನ್ನು ಅವಳು ಯಾರಿಗೂ ಕೊಡುವುದಿಲ್ಲ.